ಹಿಮಕ್ಕೆ ಸೈ, ಐಸ್ ಮೇಲೆ ಕೈ ಕೊಡುವ ವಿಂಟರ್ ಟೈರ್: ಕೆಲವು ಚಳಿಗಾಲಗಳ ನಂತರದ ವಿಮರ್ಶೆ

ಈ ವಿಂಟರ್ ಟೈರ್‌ಗಳನ್ನು ಹಾಕಿಸಿ ಕೆಲವು ಚಳಿಗಾಲ ಕಳೆದಿವೆ. ಕಾರು ಮಧ್ಯಮ ಗಾತ್ರದ್ದು, ಫ್ರಂಟ್ ವ್ಹೀಲ್ ಡ್ರೈವ್. ಟೈರ್‌ನಲ್ಲಿ ಸ್ಟಡ್ ಇಲ್ಲ, ಅಂದರೆ ಲೋಹದ ಮೊಳೆಗಳಿಲ್ಲ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತಿದೆ. ಕಂಪನಿಯ ಹೆಸರು ಬೇಡ, ಏಕೆಂದರೆ ನಾನು ಹೇಳುವ ದೂರು ಆ ಒಂದು ಕಂಪನಿಯದ್ದಲ್ಲ, ಈ ಜಾತಿಯ ಟೈರ್‌ನದ್ದು. ನೇರವಾಗಿ ಹೇಳಿಬಿಡುತ್ತೇನೆ. ಹಿಮದಲ್ಲಿ ಚೆನ್ನಾಗಿದೆ. ತಣ್ಣಗಿನ ಒದ್ದೆ ರಸ್ತೆಯಲ್ಲಿ ಬಹಳ ಚೆನ್ನಾಗಿದೆ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ನಂಬುವಂತಿಲ್ಲ.

ನಂಬುವಂತಿಲ್ಲ ಅಂದರೆ ಏನಾಗುತ್ತದೆ? ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುತ್ತೀರಿ, ಕಾರಿನ ಮೂತಿ ತಿರುಗುವುದಿಲ್ಲ. ಅದು ತನ್ನ ಪಾಡಿಗೆ ನೇರ ಹೋಗುತ್ತಿರುತ್ತದೆ. ಸ್ಟೇರಿಂಗ್ ಒಮ್ಮೆಗೇ ಹಗುರಾಗುತ್ತದೆ, ಕೆಳಗೆ ರಸ್ತೆ ಹೇಗಿದೆ ಅನ್ನುವ ಸುಳಿವು ಕೈಗೆ ಸಿಗುವುದೇ ಇಲ್ಲ. ಗಾಬರಿಯಲ್ಲಿ ಇನ್ನೂ ಜಾಸ್ತಿ ತಿರುಗಿಸಿದರೆ ಚಕ್ರಗಳು ಅಡ್ಡವಾಗಿ ಉಜ್ಜಿಕೊಂಡು ಹೋಗುತ್ತವೆ, ಅಷ್ಟೇ. ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು, ಸ್ಟೇರಿಂಗನ್ನು ಸ್ವಲ್ಪ ವಾಪಸ್ ತಂದರೆ ಹಿಡಿತ ಮರಳುತ್ತದೆ. ನನಗೆ ಇಷ್ಟವಾಗದ್ದು ಅದು ಮರಳುವ ರೀತಿ. ಮೆಲ್ಲಗೆ ಬರುವುದಿಲ್ಲ, ಥಟ್ಟನೆ ಬರುತ್ತದೆ. ಮೂತಿ ಒಂದೇ ಸಲಕ್ಕೆ ಒಳಕ್ಕೆ ಎಳೆಯುತ್ತದೆ, ಹಿಂಭಾಗ ಹೊರಕ್ಕೆ ಜಾರಲು ನೋಡುತ್ತದೆ, ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್‌ನ ದೀಪ ಮಿನುಗುತ್ತದೆ. ಒಳ್ಳೆಯ ಟೈರ್ ಜಾರುವ ಮುಂಚೆ ಸ್ವಲ್ಪ ಎಚ್ಚರಿಕೆ ಕೊಡಬೇಕು ಅಲ್ವಾ? ಇದು ಐಸ್ ಮೇಲೆ ಆ ಎಚ್ಚರಿಕೆಯನ್ನೇ ಕೊಡುವುದಿಲ್ಲ.

ನೇರ ರಸ್ತೆಯಲ್ಲೂ ನೆಮ್ಮದಿ ಇಲ್ಲ. ವಾಹನಗಳು ಓಡಿ ಓಡಿ ಐಸ್‌ನಲ್ಲಿ ಎರಡು ಗಾಡಿಜಾಡು ಬಿದ್ದಿರುತ್ತವೆ. ಕಾರು ಆ ಜಾಡಿನ ಅಂಚು ಹತ್ತುತ್ತದೆ, ಇಳಿಯುತ್ತದೆ, ಹಿಂಭಾಗ ಅತ್ತಿತ್ತ ಆಡುತ್ತದೆ. ಎಲ್ಲಕ್ಕಿಂತ ಕೆಟ್ಟ ಜಾಗ ಸಿಗ್ನಲ್ ಇರುವ ಕೂಡುರಸ್ತೆ. ಅಲ್ಲಿ ಎಲ್ಲರೂ ಬ್ರೇಕ್ ಹಾಕುತ್ತಾರೆ, ಎಲ್ಲರೂ ಚಕ್ರ ತಿರುಗಿಸಿ ಹೊರಡುತ್ತಾರೆ. ಹೀಗೆ ಉಜ್ಜಿಸಿಕೊಂಡು ಐಸ್ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ನಿಲ್ಲಬೇಕಾದ ಜಾಗದಲ್ಲೇ ಅತಿ ಕಡಿಮೆ ಹಿಡಿತ.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಒಣ ಡಾಂಬರಿನ ಮೇಲೆ ಟೈರ್‌ನ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.8. ಮಂಜುಗಡ್ಡೆಯ ಮೇಲೆ 0.1ರ ಆಸುಪಾಸು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಸುಮಾರು 12 ಮೀಟರ್‌ಗೆ ನಿಲ್ಲುವ ಕಾರು, ಐಸ್ ಮೇಲೆ ಸುಮಾರು 100 ಮೀಟರ್ ಹೋಗುತ್ತದೆ. ಬ್ರೇಕ್ ಒತ್ತುವ ಮುಂಚೆ ನಾವು ಯೋಚಿಸುವ ಹೊತ್ತು ಇದರಲ್ಲಿ ಸೇರಿಲ್ಲ. ತಿರುವಿನ ಕಥೆಯೂ ಅದೇ. 50 ಮೀಟರ್ ತ್ರಿಜ್ಯದ ತಿರುವನ್ನು ಒಣ ರಸ್ತೆಯಲ್ಲಿ ಹೆಚ್ಚೆಂದರೆ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ದಾಟಬಹುದು. ಐಸ್ ಮೇಲೆ ಆ ಮಿತಿ 25ಕ್ಕೆ ಇಳಿಯುತ್ತದೆ. ಗುಣಾಂಕ 0.1ರಿಂದ 0.2ಕ್ಕೆ ಏರಿದರೂ ಸಾಕು, ಬ್ರೇಕ್ ದೂರ ಅರ್ಧವಾಗುತ್ತದೆ. ಹಾಗಾಗಿ ಟೈರ್‌ಗಳ ನಡುವಿನ ಸಣ್ಣ ವ್ಯತ್ಯಾಸ ಒಣ ರಸ್ತೆಯಲ್ಲಿ ಲೆಕ್ಕಕ್ಕೆ ಬರದಿದ್ದರೂ ಇಲ್ಲಿ ದೊಡ್ಡದು.

ಇನ್ನೊಂದು ವಿಷಯ ಓಡಿಸುತ್ತಾ ಗೊತ್ತಾಯಿತು. ತೀರಾ ಚಳಿ ಇದ್ದಾಗ, ಅಂದರೆ ಮೈನಸ್ 15 ಡಿಗ್ರಿಯ ಹತ್ತಿರ, ಇದೇ ಟೈರ್ ಪರವಾಗಿಲ್ಲ ಅನ್ನಿಸುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಬಂದಾಗಲೇ ಕಷ್ಟ. ಆಗ ಐಸ್‌ನ ಮೇಲೆ ತೆಳುವಾದ ನೀರಿನ ಪದರ ಇರುತ್ತದೆ, ರಬ್ಬರ್‌ಗೆ ಗಟ್ಟಿ ಮೇಲ್ಮೈ ಸಿಗುವುದೇ ಇಲ್ಲ. "ಇವತ್ತು ಚಳಿ ಕಡಿಮೆ, ರಸ್ತೆ ಸುಲಭ" ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು.

ಮೊದಲು ಕಾರಿನದ್ದೇ ತೊಂದರೆ ಇರಬಹುದು ಅಂತ ಗ್ಯಾರೇಜಿನಲ್ಲಿ ಎಲ್ಲ ನೋಡಿಸಿದೆ. ವ್ಹೀಲ್ ಅಲೈನ್‌ಮೆಂಟ್ ಸರಿಯಾಗಿತ್ತು, ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ದವು. ಗಾಳಿ ಸ್ವಲ್ಪ ಕಡಿಮೆ ಇತ್ತು. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರ್‌ನ ಒತ್ತಡ ಸುಮಾರು ಒಂದೂವರೆ ಪಿಎಸ್ಐ ಇಳಿಯುತ್ತದೆ. ಬೆಚ್ಚಗಿನ ದಿನ ತುಂಬಿಸಿದ ಗಾಳಿ ಚಳಿ ಬಿದ್ದಾಗ ಸಾಲುವುದಿಲ್ಲ. ಸರಿಪಡಿಸಿದ ಮೇಲೆ ಒಣ ರಸ್ತೆಯಲ್ಲಿ ಸ್ಟೇರಿಂಗ್ ಚುರುಕಾಯಿತು, ಐಸ್ ಮೇಲೆ ಏನೂ ಬದಲಾಗಲಿಲ್ಲ. ಗಾಳಿ ಕಡಿಮೆ ಮಾಡಿದರೆ ಐಸ್ ಮೇಲೆ ಹಿಡಿತ ಜಾಸ್ತಿ ಅಂತ ಹೇಳುವವರಿದ್ದಾರೆ. ಅದನ್ನು ಕೇಳಬೇಡಿ. ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಒತ್ತಡ ಇರಲಿ, ಟೈರ್ ತಣ್ಣಗಿದ್ದಾಗ ನೋಡಿ.

ನಿಜವಾದ ಕಾರಣ ಟೈರ್‌ನ ತಳಿಯಲ್ಲಿದೆ. ವಿಂಟರ್ ಟೈರ್ ಅಂತ ಒಂದೇ ಹೆಸರಲ್ಲಿ ಮಾರಾಟವಾಗುವುದರಲ್ಲಿ ಎರಡು ತಳಿ ಇವೆ. ಒಂದು ಮಧ್ಯ ಯುರೋಪಿನ ಚಳಿಗಾಲಕ್ಕೆ ಮಾಡಿದ್ದು. ಅಲ್ಲಿ ಮಳೆ, ಕರಗಿದ ಹಿಮದ ರಾಡಿ, ಆಗಾಗ ಹಿಮ, ಜೊತೆಗೆ ಹೆದ್ದಾರಿಯ ವೇಗ. ಇನ್ನೊಂದು ನಾರ್ಡಿಕ್ ದೇಶಗಳ ಥರದ ಜಾಗಕ್ಕೆ ಮಾಡಿದ್ದು. ಅಲ್ಲಿ ತಿಂಗಳುಗಟ್ಟಲೆ ರಸ್ತೆ ಮೇಲೆ ಐಸ್ ಕೂತಿರುತ್ತದೆ. ಎರಡನೆಯದರ ರಬ್ಬರ್ ಇನ್ನೂ ಮೆದು, ರಸ್ತೆಗೆ ತಾಗುವ ಭಾಗವಾದ ಟ್ರೆಡ್‌ನಲ್ಲಿ ಸೈಪ್ ಎನ್ನುವ ಕೂದಲಿನಂಥ ಸೀಳುಗಳು ಇನ್ನೂ ಜಾಸ್ತಿ. ಆ ಸೀಳುಗಳ ಅಂಚುಗಳೇ ಐಸನ್ನು ಕಚ್ಚುವುದು, ನೀರಿನ ಪದರವನ್ನು ಒರೆಸುವುದು. 1988ರಲ್ಲಿ ಜಪಾನಿನಲ್ಲಿ ಬಂದ ಬ್ರಿಡ್ಜ್‌ಸ್ಟೋನ್ ಬ್ಲಿಜಾಕ್ ರಬ್ಬರಿನೊಳಗೇ ಸಣ್ಣ ಸಣ್ಣ ರಂಧ್ರಗಳನ್ನು ಇಟ್ಟು ನೀರನ್ನು ಹೀರುವ ದಾರಿ ಹಿಡಿಯಿತು. ನಾನು ಓಡಿಸುತ್ತಿರುವುದು ಮೊದಲ ತಳಿಯ ಟೈರ್.

ಹಾಗಾದರೆ ಪಕ್ಕದ ಬೆಟ್ಟದ ಗುರುತಿಗೆ ಅರ್ಥವೇ ಇಲ್ಲವಾ? ಇದೆ, ಆದರೆ ಅದು ಹಿಮದ ಗುರುತು. ಒತ್ತಿ ಗಟ್ಟಿಯಾದ ಹಿಮದ ಮೇಲೆ ಪರೀಕ್ಷೆ ಮಾಡಿ ಅದನ್ನು ಕೊಡುತ್ತಾರೆ, ಐಸ್ ಮೇಲೆ ಅಲ್ಲ. ಎರಡೂ ತಳಿಗೆ ಅದೇ ಗುರುತು. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಅಷ್ಟು ಭರವಸೆಯೂ ಇಲ್ಲ, ಅದನ್ನು ಪರೀಕ್ಷೆ ಇಲ್ಲದೆಯೇ ಹಾಕಿಕೊಳ್ಳಬಹುದು. ಯುರೋಪಿಯನ್ ಒಕ್ಕೂಟದ ಟೈರ್ ಲೇಬಲ್‌ನಲ್ಲಿ 2021ರ ಮೇ ತಿಂಗಳಿಂದ ಐಸ್ ಹಿಡಿತಕ್ಕೆ ಬೇರೆಯೇ ಚಿಹ್ನೆ ಇದೆ. ನಿಮ್ಮ ರಸ್ತೆಯಲ್ಲಿ ಐಸ್ ಇದ್ದರೆ ಹುಡುಕಬೇಕಾದ್ದು ಆ ಚಿಹ್ನೆಯನ್ನು. ಲೇಬಲ್ ಇಲ್ಲದ ಕಡೆ ಟೈರ್‌ನ ಪಕ್ಕದಲ್ಲಿ ಬರೆದಿರುವ ವೇಗದ ಅಕ್ಷರ ಸ್ವಲ್ಪ ಸುಳಿವು ಕೊಡುತ್ತದೆ. ನಾರ್ಡಿಕ್ ತಳಿಯ ಮೇಲೆ ಸಾಮಾನ್ಯವಾಗಿ ಕ್ಯೂ, ಆರ್ ಅಥವಾ ಟಿ ಇರುತ್ತದೆ, ಅಂದರೆ 160, 170, 190 ಕಿಲೋಮೀಟರ್ ವೇಗದ ಮಿತಿ. ಎಚ್ ಅಥವಾ ವಿ, ಅಂದರೆ 210 ಅಥವಾ 240 ಇದ್ದರೆ ಬಹುಪಾಲು ಅದು ಹೆದ್ದಾರಿಯನ್ನು ಮನಸ್ಸಲ್ಲಿಟ್ಟು ಮಾಡಿದ ಟೈರ್. ನನ್ನದು ಎಚ್.

ಹಿಮದ ವಿಷಯಕ್ಕೆ ಬಂದರೆ ದೂರೇ ಇಲ್ಲ. ಹೊಸ ಹಿಮದಲ್ಲಿ ಏರು ಹತ್ತುತ್ತದೆ, ರಾಡಿಯಲ್ಲಿ ಅಳುಕದೆ ಹೋಗುತ್ತದೆ. 7 ಡಿಗ್ರಿಗಿಂತ ಕೆಳಗಿನ ಒದ್ದೆ ರಸ್ತೆಯಲ್ಲಿ ಬೇಸಿಗೆ ಟೈರ್‌ನ ರಬ್ಬರ್ ಗಡುಸಾಗುತ್ತದೆ, ಇದು ಮೆದುವಾಗೇ ಇರುತ್ತದೆ, ಬ್ರೇಕ್ ಒತ್ತಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಸದ್ದು ಕಡಿಮೆ. ಇಂಧನ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ನನಗೆ ಅದು ದೊಡ್ಡ ಮಾತಲ್ಲ.

ಸವೆತದ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಹೊಸದಿದ್ದಾಗ ಐಸ್ ಮೇಲೆ ಇದ್ದ ಅಷ್ಟಿಷ್ಟು ಹಿಡಿತವೂ ಟ್ರೆಡ್ ಸವೆದಂತೆ ಹೋಯಿತು. ಸೈಪ್‌ಗಳು ಎಲ್ಲವೂ ತಳದವರೆಗೆ ಇಳಿದಿರುವುದಿಲ್ಲ. ಮೇಲಿನ ಕೆಲವು ಮಿಲಿಮೀಟರ್ ಹೋದ ಮೇಲೆ ಸೀಳುಗಳು ಕಡಿಮೆಯಾಗುತ್ತವೆ. ಹಲವು ಕಡೆ ಕಾನೂನು 1.6 ಮಿಲಿಮೀಟರ್‌ವರೆಗೂ ಬಿಡುತ್ತದೆ. ಚಳಿಗಾಲಕ್ಕೆ 4ಕ್ಕಿಂತ ಕೆಳಗೆ ಹೋದರೆ ಬದಲಾಯಿಸಿಬಿಡಿ. ಟ್ರೆಡ್ ಇದ್ದರೂ ವಯಸ್ಸು ನೋಡಿ. ಪಕ್ಕದಲ್ಲಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3521 ಅಂದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ಫ್ರಂಟ್ ವ್ಹೀಲ್ ಡ್ರೈವ್ ಕಾರಿನಲ್ಲಿ ಮುಂದಿನವು ಬೇಗ ಸವೆಯುತ್ತವೆ. ಹಾಗಂತ ಹೊಸ ಜೋಡಿಯನ್ನು ಮುಂದಕ್ಕೆ ಹಾಕಿಸಬೇಡಿ. ಟ್ರೆಡ್ ಆಳ ಜಾಸ್ತಿ ಇರುವುದು ಹಿಂದಿರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಹಿಂಭಾಗವೇ ಮೊದಲು ಜಾರಿ ಕಾರು ಗಿರಕಿ ಹೊಡೆಯುತ್ತದೆ. ಎರಡೇ ವಿಂಟರ್ ಟೈರ್ ಹಾಕಿಸುವುದಂತೂ ಬೇಡವೇ ಬೇಡ.

ಫೋರ್ ವ್ಹೀಲ್ ಡ್ರೈವ್ ಇರುವವರು ಇದನ್ನೆಲ್ಲ ಓದಿ ನಗಬೇಡಿ. ಅದು ಹೊರಡಲು, ಏರು ಹತ್ತಲು ಸಹಾಯ. ನಿಲ್ಲುವಾಗ ನಿಮಗೂ ನನಗೂ ಇರುವುದು ನಾಲ್ಕೇ ಟೈರ್. ಎಬಿಎಸ್ ಕೂಡ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು: ರೀಜನರೇಟಿವ್ ಬ್ರೇಕಿಂಗ್, ಅಂದರೆ ಕಾಲು ತೆಗೆದಾಗ ಮೋಟರೇ ಕಾರನ್ನು ನಿಧಾನ ಮಾಡುವ ವ್ಯವಸ್ಥೆ, ಜೋರಾಗಿಟ್ಟು ಐಸ್ ಮೇಲೆ ಪೆಡಲ್‌ನಿಂದ ಥಟ್ಟನೆ ಕಾಲು ತೆಗೆದರೆ ಚಕ್ರ ಜಾರಬಹುದು. ಅದನ್ನು ಕಡಿಮೆ ಮಟ್ಟಕ್ಕೆ ಇಳಿಸಿಕೊಳ್ಳಿ.

ಹಿಮಕ್ಕೂ ಒದ್ದೆಗೂ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಐಸ್‌ಗೆ ಎರಡು. ನಿಮ್ಮ ಕಡೆ ರಸ್ತೆಗೆ ಉಪ್ಪು ಹಾಕಿ ಬೇಗ ಸ್ವಚ್ಛ ಮಾಡುತ್ತಾರೆ, ಹೆದ್ದಾರಿ ಓಡಾಟವೇ ಹೆಚ್ಚು ಅಂದರೆ ಧೈರ್ಯವಾಗಿ ತೆಗೆದುಕೊಳ್ಳಿ. ಅಲ್ಲಿ ನಾರ್ಡಿಕ್ ತಳಿ ತಂದರೆ ಒದ್ದೆಯಲ್ಲಿ ಬ್ರೇಕ್ ದೂರ ಜಾಸ್ತಿಯಾಗುತ್ತದೆ, ಸ್ಟೇರಿಂಗ್ ಸಡಿಲ ಅನ್ನಿಸುತ್ತದೆ, ಆ ಕಡೆಯಿಂದ ಬೈದುಕೊಳ್ಳುತ್ತೀರಿ. ಆದರೆ ಬೆಳಗ್ಗೆ ಗಲ್ಲಿಯಿಂದ ಮುಖ್ಯರಸ್ತೆಯವರೆಗೆ ಹೊಳೆಯುವ ಐಸ್ ಮೇಲೇ ಹೋಗಬೇಕು ಅನ್ನುವವರಿಗೆ ಈ ಟೈರ್ ಅಲ್ಲ. ನನ್ನ ಓಡಾಟ ಈಗ ಈ ಎರಡನೇ ಥರದ್ದು. ನನ್ನವು 4 ಮಿಲಿಮೀಟರ್‌ಗೆ ಹತ್ತಿರ ಬಂದಿವೆ. ಮುಂದಿನ ಚಳಿಗಾಲಕ್ಕೆ ಐಸ್ ಚಿಹ್ನೆ ಇರುವ, ಸ್ಟಡ್ ಇಲ್ಲದ ನಾರ್ಡಿಕ್ ತಳಿಯ ನಾಲ್ಕು ಟೈರ್ ಹಾಕಿಸುತ್ತೇನೆ. ಒಂದಷ್ಟು ಓಡಿಸಿದ ಮೇಲೆ ಅದರ ಬಗ್ಗೆಯೂ ಬರೆಯುತ್ತೇನೆ.