ಲಾಗರ್ ಇಡುವವರೇ, ಯೀಸ್ಟ್ ಪ್ಯಾಕೆಟ್ ಮೇಲಿನ ತಾರೀಖು ಮೊದಲು ನೋಡಿ

ಹೋದ ತಿಂಗಳು, ಮನೆಯಲ್ಲೇ ಮಾಡಿದ 19 ಲೀಟರ್ ಪಿಲ್ಸ್ನರ್ (ಒಂದು ಬಗೆಯ ಲಾಗರ್ ಬಿಯರ್) ಅನ್ನು ಸಿಂಕಿಗೆ ಸುರಿದೆ. ಒಂದಿಡೀ ಶನಿವಾರದ ದುಡಿಮೆ, ಒಳ್ಳೆಯ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಒಳ್ಳೆಯ ಹಾಪ್ಸ್ (ಕಹಿಗೆ ಹಾಕುವ ಹೂ), ಎಲ್ಲ ಹೋಯಿತು. ಮೊದಲ ಸಲ ಲಾಗರ್‌ಗೆ, ಅಂದರೆ ಚಳಿಯಲ್ಲಿ ನಿಧಾನವಾಗಿ ಹುದುಗಿಸುವ ಬಿಯರ್‌ಗೆ, ಕೈ ಹಾಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವಿರುವುದು ಮಿಶಿಗನ್‌ನಲ್ಲಿ. ಡಿಸೆಂಬರ್ ಬಂತೆಂದರೆ ನಮ್ಮ ಬೇಸ್‌ಮೆಂಟ್ ತಾನಾಗಿಯೇ 11-12 ಡಿಗ್ರಿಗೆ ಇಳಿಯುತ್ತದೆ. ಲಾಗರ್‌ಗೆ ಬೇಕಾದ ಚಳಿಯೂ ಅಷ್ಟೇ. ಎರಡು ವರ್ಷದಿಂದ ಏಲ್ (ಇನ್ನೂ ಬೆಚ್ಚಗಿನ ಜಾಗದಲ್ಲಿ ಹುದುಗಿಸುವ ಬಿಯರ್) ಮಾಡುತ್ತಿದ್ದೆ, ಒಂದೂ ಕೆಟ್ಟಿರಲಿಲ್ಲ. ಆ ಧೈರ್ಯದಲ್ಲಿ, ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ಸಿಕ್ಕಿದ ಲಿಕ್ವಿಡ್ ಯೀಸ್ಟ್ ತಂದು ನೇರವಾಗಿ ಸುರಿದುಬಿಟ್ಟೆ. ತಯಾರಾದ ತಾರೀಖು ಪ್ಯಾಕೆಟ್ ಹಿಂದೆಯೇ ಇತ್ತು: ಜುಲೈ. ನಾನದನ್ನು ಓದಿದ್ದು ಆಮೇಲೆ, ಕಸದ ಬುಟ್ಟಿಯಿಂದ ಹೆಕ್ಕಿ.

ಮೊದಲ ದಿನ ಏನೂ ಇಲ್ಲ. ಎರಡನೇ ದಿನವೂ ಇಲ್ಲ. ‘72 ಗಂಟೆ ಕಾಯಿ, ಗಾಬರಿ ಬೇಡ’ ಅಂತ ಎಲ್ಲರೂ ಹೇಳುತ್ತಾರಲ್ವಾ, ನಾನೂ ಕಾದೆ. ನಾಲ್ಕನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದೆ. ಯೀಸ್ಟ್ ಎದ್ದಾಗ ಬರುವ ದಪ್ಪ, ಕೆನೆಯಂಥ ನೊರೆ ಇರಲಿಲ್ಲ. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಗುಳ್ಳೆ, ಅಷ್ಟೇ. ವಾಸನೆ ಮಾತ್ರ ರಾತ್ರಿ ಉಳಿದ ಎಲೆಕೋಸು ಪಲ್ಯದ್ದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ 1.048; ಸಕ್ಕರೆ ಆಲ್ಕೋಹಾಲ್ ಆದಂತೆ ಈ ಅಂಕಿ ಇಳಿಯಬೇಕು. ಶುರುವಿನಲ್ಲಿ ಇದ್ದದ್ದು 1.050.

ತಕ್ಷಣ ಡ್ರೈ ಯೀಸ್ಟ್ ತಂದು ಹಾಕಿದೆ. ಮರುದಿನವೇ ನೊರೆ ಎದ್ದಿತು, ಹುದುಗುವುದೂ ಸರಿಯಾಗಿ ಮುಗಿಯಿತು. ಆದರೆ ಆ ಎಲೆಕೋಸಿನ ವಾಸನೆ ಹೋಗಲೇ ಇಲ್ಲ. ಮೂರು ವಾರ ಬಿಟ್ಟು ರುಚಿ ನೋಡಿದಾಗಲೂ ಮೊದಲ ಗುಟುಕಿನಲ್ಲೇ ಅದು.

ನಮ್ಮ ಅಮ್ಮ ಹಾಲಿಗೆ ಹೆಪ್ಪು ಹಾಕುವ ಮೊದಲು ಹಳೇ ಮೊಸರನ್ನು ಮೂಸಿ ನೋಡುತ್ತಿದ್ದರು. ಹೆಪ್ಪು ಸೋತಿದ್ದರೆ ಹಾಲು ಸುಮ್ನೆ ಕೂರುವುದಿಲ್ಲ, ಬೇರೆ ಯಾವುದೋ ಹುಳ ಹತ್ತಿ ಕೆಡುತ್ತದೆ. ಇಲ್ಲೂ ಅದೇ ಆದದ್ದು. ಕುದಿಸಿ ಆರಿಸಿದ ಮಾಲ್ಟ್ ನೀರು ಸಿಹಿ, ಬ್ಯಾಕ್ಟೀರಿಯಾಕ್ಕೂ ಅದು ಹಬ್ಬದೂಟ. ಯೀಸ್ಟ್ ಬೇಗ ಎದ್ದರೆ ಹುಳಿ ಏರಿಸಿ, ಆಲ್ಕೋಹಾಲ್ ಮಾಡಿ ಅವನ್ನು ಹತ್ತಿಕ್ಕುತ್ತದೆ. ತಡ ಮಾಡಿದಷ್ಟೂ ಅವಕ್ಕೆ ಹೊತ್ತು ಜಾಸ್ತಿ ಸಿಗುತ್ತದೆ.

ಲೆಕ್ಕ ಹಾಕಿ ನೋಡಿದಾಗ ಎದೆ ಧಸಕ್ಕೆಂದಿತು. ನಾನಿಟ್ಟಂಥ 19 ಲೀಟರ್ ಲಾಗರ್‌ಗೆ ಸುಮಾರು 35,000 ಕೋಟಿ ಯೀಸ್ಟ್ ಕಣ ಬೇಕು, ಏಲ್‌ಗೆ ಬೇಕಾದ್ದರ ಎರಡರಷ್ಟು. ಹೊಸ ಪ್ಯಾಕೆಟ್‌ನಲ್ಲೇ ಇರುವುದು ಸುಮಾರು 10,000 ಕೋಟಿ. ಫ್ರಿಜ್ಜಿನಲ್ಲಿಟ್ಟರೂ ತಿಂಗಳು ತಿಂಗಳಿಗೆ ಸಾಯುತ್ತಾ ಬರುತ್ತವೆ. ನನ್ನದಕ್ಕೆ ಐದು ತಿಂಗಳಾಗಿತ್ತು! ಜೊತೆಗೆ ಬಕೆಟ್ಟನ್ನು ಚೆನ್ನಾಗಿ ಕುಲುಕಿ ಗಾಳಿಯನ್ನೂ ಸೇರಿಸಿರಲಿಲ್ಲ. ಶುರುವಿನಲ್ಲಿ ಯೀಸ್ಟ್ ಬೆಳೆಯಲು ಆಮ್ಲಜನಕ ಬೇಕೇ ಬೇಕು.

ಲಿಕ್ವಿಡ್ ಯೀಸ್ಟೇ ಬೇಕೆಂದರೆ ಹೊಸದು ತನ್ನಿ, ಒಂದೆರಡು ದಿನ ಮೊದಲೇ ಸ್ಟಾರ್ಟರ್ ಮಾಡಿ, ಅಂದರೆ ಸ್ವಲ್ಪ ಮಾಲ್ಟ್ ನೀರಿನಲ್ಲಿ ಯೀಸ್ಟ್ ಬೆಳೆಸಿಕೊಳ್ಳಿ. ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿ, ಆಗಾಗ ಕುಲುಕುತ್ತಿರಿ. ಅದರಲ್ಲೇ ನೊರೆ ಬರದಿದ್ದರೆ ಆ ಯೀಸ್ಟ್ ಬಿಟ್ಟುಬಿಡಿ, ಬಿಯರ್ ಉಳಿಯುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ 11.5 ಗ್ರಾಂನ ಎರಡು ಡ್ರೈ ಪ್ಯಾಕೆಟ್ ಸಾಕು.

ಏರ್‌ಲಾಕ್ (ಒಳಗಿನ ಗಾಳಿಯನ್ನು ಮಾತ್ರ ಹೊರಬಿಡುವ, ಮುಚ್ಚಳದ ಮೇಲಿನ ನಳಿಗೆ) ಗುಳುಗುಳು ಅನ್ನಲಿಲ್ಲ ಅಂತ ಮಾತ್ರ ಹೆದರಬೇಡಿ. ಮುಚ್ಚಳ ಸರಿಯಾಗಿ ಕೂರದಿದ್ದರೆ ಗಾಳಿ ಪಕ್ಕದಿಂದ ಹೋಗುತ್ತದೆ, ಒಳಗೆ ಬಿಯರ್ ಹುದುಗುತ್ತಲೇ ಇರುತ್ತದೆ. ಎರಡು ದಿನ ಕಳೆದ ಮೇಲೆ, ಸ್ಯಾನಿಟೈಸ್ ಮಾಡಿದ ಪೈಪಿನಿಂದ ಸ್ವಲ್ಪ ತೆಗೆದು ಹೈಡ್ರೋಮೀಟರ್‌ನಲ್ಲಿ ನೋಡಿ. ಅಂಕಿ ಇಳಿದಿದ್ದರೆ ಮುಚ್ಚಿ ಬಿಡಿ. ಇಳಿಯದಿದ್ದರೆ ಅವತ್ತೇ ಹೊಸ ಯೀಸ್ಟ್ ಹಾಕಿ. ನಾನು ನಾಲ್ಕನೇ ದಿನದವರೆಗೆ ಕಾದದ್ದೇ ತಪ್ಪು.

ಊರಲ್ಲಿರುವವರಿಗೆ ಒಂದು ಮಾತು: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಇದನ್ನು ಓದಿ ಅಲ್ಲಿ ಶುರು ಮಾಡಬೇಡಿ.

ಈಗ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಬಾಟಲಿ ಪಕ್ಕ, ಎರಡು ಡ್ರೈ ಯೀಸ್ಟ್ ಪ್ಯಾಕೆಟ್ ಸದಾ ಇರುತ್ತವೆ. ತಾರೀಖನ್ನು ದಪ್ಪ ಮಾರ್ಕರ್‌ನಲ್ಲಿ ಮುಂದುಗಡೆಯೇ ಬರೆದಿಟ್ಟಿದ್ದೇನೆ.