ಇಕೋ ಕ್ಲಬ್ ಅನುದಾನ: ಒಂದು ತೂಕದ ಮೆಷಿನ್ನು, ಎರಡು ಸಿಮೆಂಟ್ ರಿಂಗು

ಕೋಲಾರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಪರಿಸರ ಸಂಘವಾದ ಇಕೋ ಕ್ಲಬ್ ನೋಡಿಕೊಳ್ಳುವುದೂ ನಾನೇ. ಅದಕ್ಕೆ ಸರ್ಕಾರದಿಂದ ಒಂದು ಅನುದಾನ ಬರುತ್ತದೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋದಾಗಲೆಲ್ಲ ಬೇರೆ ಶಾಲೆಯ ಮೇಡಂಗಳು ಕೇಳುತ್ತಾರೆ, "ಆ ದುಡ್ಡಲ್ಲಿ ನೀವು ಏನ್ ತಗೊಂಡ್ರಿ?" ಸಭೆಯ ಗಡಿಬಿಡಿಯಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನಾವು ಆ ಹಣವನ್ನು ಬಿಸಿಯೂಟದಲ್ಲಿ ಹಾಳಾಗುವ ಅನ್ನದ ಕಡೆ ತಿರುಗಿಸಿದೆವು. ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ, ಎರಡೂ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ಇದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಯೂತ್ ಮತ್ತು ಇಕೋ ಕ್ಲಬ್‌ಗೆ ಅಂತ ಇರುವ ಅನುದಾನ. ಮಾರ್ಗಸೂಚಿಯ ಪ್ರಕಾರ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 15,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅವಕಾಶ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ, ಕೊಟೇಶನ್, ಬಿಲ್ಲು, ಫೋಟೋ, ಕೊನೆಗೆ ಹಣ ಬಳಕೆ ಪ್ರಮಾಣ ಪತ್ರ. ಕಾಗದ ಇಷ್ಟೇ. ಹೆದರುವಂಥದ್ದು ಏನೂ ಇಲ್ಲ.

ಮೊದಲು ಕೊಂಡದ್ದು ಒಂದು ಡಿಜಿಟಲ್ ತೂಕದ ಮೆಷಿನ್. ಕಿರಾಣಿ ಅಂಗಡಿಯಲ್ಲಿ ಇರುತ್ತಲ್ವಾ, ಅಂಥದ್ದೇ, 30 ಕೆಜಿವರೆಗೆ ತೂಗುವುದು. ಈ ಅನುದಾನದಲ್ಲಿ ಒಂದೇ ಒಂದು ವಸ್ತು ಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ.

ಕೈ ತೊಳೆಯುವ ನಲ್ಲಿ ಪಕ್ಕ ಒಂದು ಬಕೆಟ್ ಇಟ್ಟೆವು. ಊಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ಅದಕ್ಕೇ ಹಾಕಬೇಕು. ಏಳನೇ ತರಗತಿಯ ಮಕ್ಕಳು ಸರದಿ ಪ್ರಕಾರ ಬಕೆಟ್ ತೂಗಿ, ಅಡುಗೆ ಕೋಣೆ ಗೋಡೆಯ ಕಪ್ಪು ಹಲಗೆ ಮೇಲೆ ಬರೆಯುತ್ತಾರೆ. ಇವತ್ತಿನ ಅಡುಗೆ ಏನು, ಎಷ್ಟು ಉಳಿಯಿತು, ಎರಡೇ ಕಾಲಂ. "ಅನ್ನ ಚೆಲ್ಲಬೇಡಿ" ಅಂತ ಮೊದಲೇ ಗೋಡೆ ಮೇಲೆ ದೊಡ್ಡ ಬರಹ ಇತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಹಲಗೆ ಮೇಲಿನ ತೂಕವನ್ನು ಮಾತ್ರ ಎಲ್ಲರೂ ಓದಿದರು. ಅಡುಗೆ ಅಕ್ಕಂದಿರೂ ಓದಿದರು.

ಬದಲಾವಣೆ ಶುರುವಾದದ್ದು ಅವರಿಂದಲೇ. ಸೋರೆಕಾಯಿ ಸಾಂಬಾರಿನ ದಿನ ತೂಕ ಜಾಸ್ತಿ ಬರುತ್ತಿತ್ತು. ತುಂಡುಗಳನ್ನು ಮಕ್ಕಳು ಆರಿಸಿ ಬದಿಗಿಡುತ್ತಿದ್ದರು. ಅಕ್ಕ ಅದನ್ನು ಬೇಳೆ ಜೊತೆ ಬೇಯಿಸಿ ಮಸೆದು ಹಾಕಿದರು. ಅವತ್ತು ಬಕೆಟ್ಟಿನಲ್ಲಿ ಕರಿಬೇವು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹುರುಳಿಕಾಯಿಯ ನಾರು ತೆಗೆದು ಸಣ್ಣಗೆ ಹೆಚ್ಚುವುದು, ಸೊಪ್ಪನ್ನು ಮಸ್ಸೊಪ್ಪು ಮಾಡುವುದು, ಇವೆಲ್ಲ ಅವರೇ ಹುಡುಕಿಕೊಂಡ ದಾರಿಗಳು.

ಎರಡನೆಯದು ಬಡಿಸುವ ವಿಷಯ. ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ರ ಮಗುವಿಗೆ 150 ಗ್ರಾಂ ಧಾನ್ಯದ ಲೆಕ್ಕ. ಅದು ಅಕ್ಕಿಯ ತೂಕ. ಬೆಂದ ಮೇಲೆ ಎರಡೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ. ಒಂದನೇ ತರಗತಿಯ ಪುಟ್ಟ ಮಗುವಿನ ಮುಂದೆ ಅಷ್ಟನ್ನೂ ಒಂದೇ ಸಲ ಸುರಿದರೆ ಅದು ತಿನ್ನುವುದಾದರೂ ಹೇಗೆ? ಈಗ ಮೊದಲು ಅರ್ಧ ಸೌಟು. ಆಮೇಲೆ ಅಕ್ಕ ಪಾತ್ರೆ ಹಿಡಿದುಕೊಂಡು ಸಾಲಿನಲ್ಲಿ ಇನ್ನೊಮ್ಮೆ ಬರುತ್ತಾರೆ. ಯಾರಿಗೂ ಕಡಿಮೆ ಆಗುವುದಿಲ್ಲ. ಬಕೆಟ್ಟಿಗೆ ಹೋಗುತ್ತಿದ್ದದ್ದು ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಒಂದು ಮಾತು ಖಂಡಿತವಾಗಿ ಹೇಳಬೇಕು. ತೂಗುವುದು ಇಡೀ ಶಾಲೆಯ ಬಕೆಟ್ಟನ್ನು. ಒಬ್ಬೊಬ್ಬರ ತಟ್ಟೆಯನ್ನು ಅಲ್ಲ. ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ತಟ್ಟೆ ನೋಡಿ ಹೆಸರು ಬರೆಯಲು ಶುರು ಮಾಡಿದರೆ ಮಗು ಕೇಳಿ ಹಾಕಿಸಿಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಅದು ಆಗಲೇಬಾರದು.

ಇನ್ನು ಗೊಬ್ಬರದ ವಿಷಯ. ನಮ್ಮ ಶಾಲೆಯಲ್ಲಿ ದಾನಿಯೊಬ್ಬರು ಕೊಟ್ಟ ಪ್ಲಾಸ್ಟಿಕ್ ಕಾಂಪೋಸ್ಟ್ ಡ್ರಮ್ ಇತ್ತು. ಕೆಳಗೆ ನಲ್ಲಿ, ಮೇಲೆ ಬಿಗಿ ಮುಚ್ಚಳ. ಎರಡು ಮೂರು ಜನರ ಮನೆಗೆ ಅದು ಸರಿ ಇರಬಹುದು. ಶಾಲೆಗೆ ಆಗುವುದಿಲ್ಲ. ಸಾಂಬಾರಿನ ನೀರೆಲ್ಲ ತಳಕ್ಕೆ ಇಳಿದು ನಿಲ್ಲುತ್ತದೆ, ಅಗುಳು ಸಿಕ್ಕಿ ನಲ್ಲಿ ಕಟ್ಟಿಕೊಳ್ಳುತ್ತದೆ, ಗಾಳಿ ಆಡುವುದಿಲ್ಲ. ಗಾಳಿ ಇಲ್ಲದೆ ಕೊಳೆತರೆ ವಾಸನೆ ಬರುತ್ತದೆ, ಮೀಥೇನ್ ಕೂಡ ಹುಟ್ಟುತ್ತದೆ. ಮಕ್ಕಳ ಎತ್ತರಕ್ಕೆ ಮುಚ್ಚಳವೂ ಸಿಗುವುದಿಲ್ಲ. ಆ ಡ್ರಮ್ಮಿನಲ್ಲಿ ಈಗ ಒಣ ಎಲೆ ತುಂಬಿಡುತ್ತೇವೆ. ಅದಕ್ಕೆ ತುಂಬಾ ಚೆನ್ನಾಗಿದೆ.

ಗೊಬ್ಬರಕ್ಕೆ ಅಂತ ಅನುದಾನದಲ್ಲಿ ನಾವು ಮಾಡಿಸಿದ್ದು ಎರಡು ಸಿಮೆಂಟ್ ರಿಂಗು, ಸುತ್ತ ತೂತು ಬಿಟ್ಟದ್ದು. ಸಾಗಣೆ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಒಂದೇ ತೊಡಕು, ಊರಲ್ಲಿ ರಿಂಗು ಎರೆಯುವವರ ಹತ್ತಿರ ಜಿಎಸ್‌ಟಿ ಬಿಲ್ ಇರುವುದಿಲ್ಲ. ಕೋಲಾರ ಟೌನಿನಲ್ಲಿ ಬಿಲ್ ಕೊಡುವ ಅಂಗಡಿಯಿಂದಲೇ ತರಿಸಿದೆವು. ಮೊದಲೇ ವಿಚಾರಿಸಿಕೊಳ್ಳಿ.

ಹಾಕುವ ಕ್ರಮ ಹೀಗಿದೆ. ಬಕೆಟ್ಟಿನಲ್ಲಿ ಇರುವುದನ್ನು ಹಳೇ ಬುಟ್ಟಿಯಲ್ಲಿ ಸುರಿದು ನೀರು ಬಸಿಯಬೇಕು. ಸಾಂಬಾರಿನ ಉಪ್ಪು ಖಾರ ಎಷ್ಟು ಹೋದರೆ ಅಷ್ಟು ಒಳ್ಳೆಯದು. ಎರೆಹುಳ ಬಿಡುವ ಯೋಚನೆ ಇದ್ದರೆ ಬೇಯಿಸಿದ್ದನ್ನು ಹಾಕಲೇಬೇಡಿ, ಸಿಪ್ಪೆ ಸೊಪ್ಪು ಮಾತ್ರ ಸಾಕು. ಒಂದು ಬಕೆಟ್ ಹಸಿಗೆ ಎರಡು ಬಕೆಟ್ ಒಣ ಎಲೆ, ಮೇಲೆ ಒಂದು ಚೊಂಬು ಸಗಣಿ ನೀರು. ಮಧ್ಯೆ ಮಧ್ಯೆ ಗುದ್ದಲಿಯಿಂದ ತಿರುವಿ ಹಾಕಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು. ಧಾರೆ ಬಂದರೆ ಇನ್ನಷ್ಟು ಎಲೆ ಹಾಕಿ, ಏನೂ ಬರದಿದ್ದರೆ ನೀರು ಚಿಮುಕಿಸಿ. ಹೆಗ್ಗಣ ಬರದಂತೆ ಮೇಲೆ ಜಾಲರಿ ಹಾಕಿ ಕಲ್ಲು ಹೇರಬೇಕು.

ಎಲೆಯಲ್ಲೂ ಆಯ್ಕೆ ಇದೆ. ಮಕ್ಕಳು ಉತ್ಸಾಹದಿಂದ ಚೀಲಗಟ್ಟಲೆ ನೀಲಗಿರಿ ಎಲೆ ತಂದರು. ನಮ್ಮ ಕಡೆ ಅದಕ್ಕೇನು ಬರ? ಆದರೆ ಅದರಲ್ಲಿ ಎಣ್ಣೆ ಅಂಶ ಇದೆ, ಬೇಗ ಕೊಳೆಯುವುದಿಲ್ಲ. ಹೊಂಗೆ ಎಲೆ ಬೇಗ ಕರಗುತ್ತದೆ. ಬೇಸಿಗೆ ಶುರುವಿನಲ್ಲಿ ಹೊಂಗೆ ಮರ ಎಲೆ ಉದುರಿಸುತ್ತದೆ, ಆಗಲೇ ಗೋಣಿಚೀಲಗಳಲ್ಲಿ ತುಂಬಿಡಬೇಕು. ಮೊಟ್ಟೆ ಸಿಪ್ಪೆಯನ್ನು ಹಾಗೇ ಹಾಕಿದರೆ ಹಾಗೇ ಉಳಿಯುತ್ತದೆ. ಪುಡಿ ಮಾಡಿ ಹಾಕಿ.

ಪಾಠ ಅಂದರೆ ಇಲ್ಲಿದೆ. ಒಂದು ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿಸಿದೆ. ಒಬ್ಬ ಹುಡುಗ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡ. "ಮಿಸ್, ಒಳಗೆ ಬೆಂಕಿ ಹಾಕಿದ್ದೀರಾ?" ಬೆಂಕಿ ಇಲ್ಲ, ಬಿಸಿಲೂ ಬಿದ್ದಿಲ್ಲ. ಥರ್ಮಾಮೀಟರ್ ಇಳಿಸಿ ನೋಡಿದರೆ 55 ಡಿಗ್ರಿ ದಾಟಿತ್ತು. ಕಣ್ಣಿಗೆ ಕಾಣದ ಜೀವಿಗಳು ಕೆಲಸ ಮಾಡುತ್ತಿವೆ ಅನ್ನುವುದನ್ನು ಪುಸ್ತಕದ ಚಿತ್ರದಿಂದ ಇಷ್ಟು ಚೆನ್ನಾಗಿ ಹೇಳಿಕೊಡಲು ನನ್ನಿಂದ ಯಾವತ್ತೂ ಆಗಿರಲಿಲ್ಲ. ಸುಮಾರು ಎರಡು ತಿಂಗಳಿಗೆ ಗೊಬ್ಬರ ಸಿದ್ಧ. ಜರಡಿ ಹಿಡಿದು ಕೈತೋಟದ ದಂಟಿಗೆ, ನುಗ್ಗೆಗೆ ಹಾಕುತ್ತೇವೆ.

ಮಕ್ಕಳು ಅಲ್ಲಿಗೇ ನಿಲ್ಲಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಲ್ಲಿ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ 60ರಷ್ಟು ಮನೆಗಳದ್ದು ಅಂತ ಇದೆ. ಇದನ್ನು ಹೇಳಿದ ಮೇಲೆ ಮನೆಯಲ್ಲಿ ಏನು ಉಳಿಯುತ್ತೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ತಂದರು. ಟೊಮೆಟೊ ಬೆಳೆಗಾರರ ಮನೆಯ ಹುಡುಗಿ ಒಬ್ಬಳು ಕೇಳಿದಳು, "ಮಿಸ್, ತೋಟದಲ್ಲೇ ಬಿಟ್ಟಿರೋ ಟಮಾಟನೂ ಬರೀಬೇಕಾ?"

ಏನು ಹೇಳಲಿ? 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ್ದು ಈ ಮಕ್ಕಳಿಗೆ ಗೊತ್ತು. ಬೆಲೆ ಬಿದ್ದಾಗ ಕೀಳುವ ಕೂಲಿ, ಬಾಕ್ಸು, ಗಾಡಿ ಬಾಡಿಗೆ ಕೂಡ ಹುಟ್ಟದೆ ಹೊಲದಲ್ಲೇ ಬಿಡುವುದೂ ಗೊತ್ತು. ಬರಿ ಅಂದೆ. ಅವಳ ಪುಟದಲ್ಲಿದ್ದ ತೂಕದ ಮುಂದೆ ನಮ್ಮ ಬಕೆಟ್ಟಿನದ್ದು ಲೆಕ್ಕಕ್ಕೇ ಇಲ್ಲ.

ಹೊಲದಲ್ಲಿ ಹಾಳಾಗುವ ಟೊಮೆಟೊ ಉಳಿಸಲು ಇಕೋ ಕ್ಲಬ್ಬಿನ ಹಣ ಸಾಲುವುದಿಲ್ಲ, ಅದು ಬೇರೆ ಕೆಲಸ. ಆದರೆ ಬೇರೆ ಯೋಜನೆ ಇದೆ, ಮಕ್ಕಳ ಮೂಲಕವೇ ಮನೆಗೆ ತಿಳಿಸಬಹುದು. ಕೇಂದ್ರದ ಪಿಎಂಎಫ್‌ಎಂಇಯಲ್ಲಿ (ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ) ಸಣ್ಣ ಆಹಾರ ಘಟಕಗಳಿಗೆ ಶೇ 35 ಸಹಾಯಧನ ಇದೆ. ಕರ್ನಾಟಕ ಅದಕ್ಕೆ ಶೇ 15 ಸೇರಿಸಿ ಒಟ್ಟು ಶೇ 50 ಮಾಡಿದೆ. ಸ್ತ್ರೀಶಕ್ತಿ ಸಂಘದಂಥ ಗುಂಪುಗಳಿಗೆ ಒಬ್ಬ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನವೂ ಇದೆ. ಇದೇ ಯೋಜನೆಯಲ್ಲಿ 'ಒಂದು ಜಿಲ್ಲೆ ಒಂದು ಉತ್ಪನ್ನ' ಅಂತ ಪ್ರತಿ ಜಿಲ್ಲೆಗೂ ಒಂದು ಬೆಳೆ ಅಥವಾ ಪದಾರ್ಥ ಆರಿಸಿದ್ದಾರೆ, ಕೋಲಾರಕ್ಕೆ ಸಿಕ್ಕಿರುವುದು ಟೊಮೆಟೊನೇ. ಆ ಹುಡುಗಿಯ ತಾಯಿ ಸಂಘದಲ್ಲಿದ್ದಾರೆ. ಕರಪತ್ರ ಕೊಟ್ಟು ಕಳಿಸಿದೆ.

ಈಗ ಬೇಸರದ ಸಂಗತಿ. ಹಣ ನಮ್ಮ ಖಾತೆಗೆ ಬರುವಾಗ ವರ್ಷದ ಕೊನೆ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು. ಅಷ್ಟರಲ್ಲಿ ಪರೀಕ್ಷೆ, ಆಮೇಲೆ ರಜೆ. ಹೀಗಾದಾಗ ಸುಲಭವಾಗಿ ಬಿಲ್ ಆಗುವುದನ್ನೇ ಜನ ಕೊಳ್ಳುತ್ತಾರೆ: ಫ್ಲೆಕ್ಸು, ಬಣ್ಣ, ಸಸಿ. ಮಾರ್ಚಿನಲ್ಲಿ ಕೋಲಾರದ ನೆಲಕ್ಕೆ ಸಸಿ ಇಟ್ಟು, ರಜೆಯಲ್ಲಿ ನೀರು ಹಾಕುವವರು ಯಾರು? ನೋಡಿದರೆ ಹೊಟ್ಟೆ ಉರಿಯುತ್ತದೆ. ಇದೇ ಹಣ ಜೂನ್‌ನಲ್ಲಿ ಬಂದರೆ ಎರಡು ಪಟ್ಟು ಕೆಲಸ ಆಗುತ್ತದೆ. ಅಲ್ಲಿಯವರೆಗೆ ನಾವು ಮಾಡುವುದು ಇಷ್ಟು: ಜುಲೈನಲ್ಲೇ ನಡಾವಳಿ, ಕೊಟೇಶನ್ ಎಲ್ಲ ತೆಗೆದಿಟ್ಟುಕೊಳ್ಳುವುದು, ಹಣ ಬಿದ್ದ ವಾರವೇ ಸಾಮಾನು ತರಿಸುವುದು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಉಳಿತಾಯವೆಲ್ಲ ಅಡುಗೆ ಅಕ್ಕಂದಿರ ಕೈಯಿಂದ ಆದದ್ದು. ಸಣ್ಣಗೆ ಹೆಚ್ಚಲು, ಎರಡು ಸಲ ಬಡಿಸಲು ಅವರಿಗೆ ದಿನಾ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ನಾವು ಪಡೆದ ಅನುದಾನದಲ್ಲಿ ಒಂದು ಪೈಸೆಯೂ ಇಲ್ಲ. ಸುಮ್ನೆ ಸನ್ಮಾನ ಮಾಡಿ ಶಾಲು ಹೊದಿಸಿದರೆ ಸಾಲದು. ಇದನ್ನು ನಡಾವಳಿಯಲ್ಲಿ ಬರೆದು ಮೇಲಕ್ಕೆ ಕಳಿಸಿದ್ದೇವೆ. ನಿಮ್ಮ ಶಾಲೆಯಿಂದಲೂ ಬರೆಯಿರಿ.

ರಿಂಗು ಮಾಡಿಸುವವರಿಗೆ ರಜೆಯ ಬಗ್ಗೆ ಒಂದು ಸೂಚನೆ. ಏಪ್ರಿಲ್ ಹೊತ್ತಿಗೆ ಹೊಸದಾಗಿ ಏನೂ ಹಾಕಬೇಡಿ. ಇರುವುದನ್ನು ಚೆನ್ನಾಗಿ ತಿರುವಿ, ನೀರು ಚಿಮುಕಿಸಿ, ಮೇಲೆ ಒಂದು ಗೇಣು ಒಣ ಎಲೆ, ಅದರ ಮೇಲೆ ಒದ್ದೆ ಗೋಣಿಚೀಲ ಮುಚ್ಚಿ ಜಾಲರಿ ಬಿಗಿಯಿರಿ. ಶಾಲೆ ಪಕ್ಕದ ಮನೆಯವರು ಆಗಾಗ ಒಂದು ಕೊಡ ನೀರು ಹಾಕಿದರೆ ಸಾಕು, ಶಾಲೆ ತೆರೆಯುವಾಗ ಗೊಬ್ಬರ ಆಗಿರುತ್ತದೆ.