ಕೋಲು ಒಳಗೋ, ಡೆಕ್ ಮೇಲೋ?

ನಮ್ಮದು 22 ಅಡಿಯ ಹಳೆಯ ಹಾಯಿದೋಣಿ. ಗೋವಾದ ಬೆತಿಂ ಕಡೆ ಕಟ್ಟಿರುತ್ತೇವೆ. ಸಂಜೆ ಸಮುದ್ರದ ಕಡೆಯ ಅಗ್ವಾದದಿಂದ ಮಾಂಡೋವಿ ನದಿಗೆ (ನಮ್ಮ ಮಹದಾಯಿಯೇ!) ವಾಪಸ್ ಬರುವಾಗ ಗಾಳಿ ಬೆನ್ನಿಗಿರುತ್ತದೆ. ಆಗ ಜೆನ್ನಕರ್, ಅಂದರೆ ಮುಂದುಗಡೆ ಉಬ್ಬಿ ನಿಲ್ಲುವ ಹಗುರ ಹಾಯಿ, ಬಿಚ್ಚೋಣ ಅನಿಸುತ್ತದೆ. ಅದರ ಕೆಳಮೂಲೆಯನ್ನು ದೋಣಿಯ ಮೂತಿಗಿಂತ ಮುಂದೆ ಕಟ್ಟದಿದ್ದರೆ ದೊಡ್ಡ ಹಾಯಿಯ ಮರೆಯಲ್ಲಿ ಜೋತು ಬೀಳುತ್ತದೆ. ಅದಕ್ಕೇ ಬೋಸ್ಪ್ರಿಟ್, ಮುಂದಕ್ಕೆ ಚಾಚುವ ಕೋಲು. ಜೆಟ್ಟಿಯಲ್ಲಿ ಪಕ್ಕದ ದೋಣಿಗೆ ಚುಚ್ಚಬಾರದಲ್ವಾ, ಹಾಗಾಗಿ ಹಿಂದಕ್ಕೆ ಎಳೆಯುವಂತೆಯೂ ಇರಬೇಕು.

1991ರ ಜೆ/105 ದೋಣಿಯಲ್ಲಿ ಕಾರ್ಬನ್ ಕೋಲು ಹೊಟ್ಟೆಯೊಳಗೇ ಸರಿಯುತ್ತದೆ. ಅದನ್ನು ನೋಡಿ ನಾನೂ ಮೂತಿಗೆ ತೂತು ಕೊರೆದೆ. ಹಳೆಯ ವಿಂಡ್‌ಸರ್ಫ್ ಹಲಗೆಯ ಕಾರ್ಬನ್ ಮಾಸ್ಟ್‌ನ (ಹಾಯಿಕಂಬದ) ಕೆಳಭಾಗವೇ ಕೋಲು. ಹಗುರ, ನೋಡೋಕೂ ಚಂದ. ಆದರೆ ಮೂತಿ ಅಲೆಗೆ ಅದ್ದಿದಾಗೆಲ್ಲ ಸೀಲ್ ದಾಟಿ ನೀರು ಒಳಗೆ. ಮುಂದಿನ ಬಂಕ್‌ನ ಹಾಸಿಗೆ ಎರಡು ಸಲ ಒಣಗಿಸಿದೆ. ಸಾಲದ್ದಕ್ಕೆ ಕಾರ್ಬನ್‌ಗೆ ತಾಗಿದ್ದ ಅಲ್ಯೂಮಿನಿಯಂ ಬಳೆಯಲ್ಲಿ ಸುಣ್ಣದಂಥ ಬಿಳಿ ಪುಡಿ. ಉಪ್ಪುನೀರಲ್ಲಿ ಇವೆರಡು ಮುಟ್ಟಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಎರಡನೇ ಸಲ 60 ಮಿ.ಮೀ. ಅಲ್ಯೂಮಿನಿಯಂ ಪೈಪನ್ನು ಡೆಕ್ (ದೋಣಿಯ ಮೇಲ್ಹಾಸು) ಮೇಲೆ ಎರಡು ಬಳೆಗಳಲ್ಲಿ ಕೂರಿಸಿದೆ. ತೂಕ ಜಾಸ್ತಿ, ಕಾಲಿಗೂ ಎಡವುತ್ತದೆ. ನೀರಿನ ತಲೆನೋವು ಮಾತ್ರ ಇಲ್ಲ.

ಪೈಪ್ ಯಾವುದು ಅಂತ ತಲೆ ಕೆಡಿಸಿಕೊಂಡಿದ್ದೇ ದಂಡ. ಕಾಡಿದ್ದು ಬಳೆಗಳ ನಡುವಿನ ಅಂತರ. ಕೋಲು ಮುಂದಿನ ಬಳೆಯಿಂದ 1.2 ಮೀಟರ್ ಹೊರಗಿದ್ದು, ತುದಿಯನ್ನು ಹಾಯಿ 100 ಕೆಜಿ ಬಲದಲ್ಲಿ ಮೇಲಕ್ಕೆ ಎಳೆದರೆ, ಬಳೆಗಳ ನಡುವೆ 40 ಸೆಂ.ಮೀ. ಇದ್ದಾಗ ಹಿಂದಿನ ಬಳೆಗೆ 300 ಕೆಜಿ, ಮುಂದಿನದಕ್ಕೆ 400. ಅಂತರ 60 ಸೆಂ.ಮೀ. ಮಾಡಿದರೆ 200 ಮತ್ತು 300. ಮೊದಲು 40 ಇಟ್ಟಿದ್ದೆ. ಒಂದು ಜೋರು ಗಾಳಿಗೆ ಬಳೆಯ ಬೋಲ್ಟ್ ಸುತ್ತ ಡೆಕ್ ಬಿರಿಯಿತು. ಈಗ 60, ಕೆಳಗೆ ದಪ್ಪ ಪ್ಲೈ. ತುದಿಯಿಂದ ಮೂತಿಯ ಕೆಳಗಿನ ಕೊಂಡಿಗೆ ಒಂದು ಹಗ್ಗವನ್ನೂ ಬಿಗಿದಿದ್ದೇನೆ. ಮೇಲೆಳೆತದ ಬಹುಪಾಲು ಅದೇ ಹೊರುತ್ತದೆ.

ಬುಶ್ (ಕೋಲು ಜಾರಲು ಬಳೆಯೊಳಗೆ ಕೂರಿಸುವ ಪ್ಲಾಸ್ಟಿಕ್ ತೋಳು) ಕಥೆ ಇನ್ನೊಂದು. ನೈಲಾನ್ ಹಾಕಿಸಿದ್ದೆ, ಮಳೆಗಾಲ ಕಳೆದು ಬಂದರೆ ಕೋಲು ಅಲ್ಲಾಡಲಿಲ್ಲ. ಲೇತ್ ಅಂಗಡಿಯ ಕುಂದಾಪುರದವರು ನಕ್ಕರು: "ನೈಲಾನ್ ನೀರ್ ಕುಡಿತ್ ಮಾರಾಯ್ರೆ, ಉಬ್ತ್." ಅಷ್ಟಾಗಿ ನೀರು ಹೀರದ ಡೆಲ್ರಿನ್ ಪ್ಲಾಸ್ಟಿಕ್‌ನಲ್ಲಿ, ಸುತ್ತ ಅರ್ಧ ಮಿ.ಮೀ. ಸಡಿಲ ಬಿಟ್ಟು ಮಾಡಿಕೊಟ್ಟರು. ಈಗ ಒಂದೇ ಕೈಯಲ್ಲಿ ಎಳೆಯುತ್ತೇನೆ. ಇಳಿಯುವ ಮುಂಚೆ ಒಂದು ಮಗ್ ಸಿಹಿನೀರು ಸುರಿಯಬೇಕು, ಇಲ್ಲದಿದ್ದರೆ ಉಪ್ಪು ಕಟ್ಟಿ ಕರಕರ ಅನ್ನುತ್ತದೆ.

ಮೂತಿಯ ತೂತನ್ನು ಫೈಬರ್ ಹಾಕಿ ಮುಚ್ಚಿದ್ದೇನೆ. ಬಣ್ಣ ಇನ್ನೂ ಹೊಂದಿಲ್ಲ.